ಸುರಪುರದ ಮೆಡೋಸ್ ಟೇಲರ್ ಸಾಹೇಬರು

ಪ್ರತಿವರ್ಷವೂ ಪರೀಕ್ಷೆಗಳು ಮುಗಿದು ಫಲಿತಾಂಶವು ಹೊರಬಿದ್ದ ತರುವಾಯ, ನಮ್ಮ ಶಾಲೆಯನ್ನು ಬಿಟ್ಟುಹೋಗುವ ಬಾಲೆಯರ ತಾಯಿತಂದೆಗಳು ನಮ್ಮ ಕೋಣೆಗೆ ಬಂದು ಒಂದೇ ಬಗೆಯ ಪ್ರಶ್ನೆಯನ್ನು ಕೇಳುವುದುಂಟು. ಮಗಳು ಚಿತ್ರ ಬರೆಯುತ್ತಾಳೆ, ಕಥೆಗಳನ್ನೋದುತ್ತಾಳೆ, ಗೆಳತಿಯರ ಗುಂಪಿಗೆ ಮುಂದಾಳಾಗುತ್ತಾಳೆ, ಬೆಳಗಿನ ಪ್ರಾರ್ಥನೆಯನ್ನೂ ತಪ್ಪಿಸುವುದಿಲ್ಲ. ಇವುಗಳಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಟ್ಟರೆ ಅವಳಿಗೆ ಒಂದು ಉದ್ಯೋಗವು ದೊರೆತೀತು ಎಂಬುದೇ ಆ ಪ್ರಶ್ನೆ. ನಾವು ಆ ಹೊತ್ತಿಗೆ ತೋಚಿದ ಉತ್ತರವನ್ನು ಹೇಳಿ ಕಳುಹಿಸುತ್ತೇವೆ. ಆದರೆ ಇಂಥ ಪ್ರಶ್ನೆಗೆ ಮಾತಿಗಿಂತ ಒಂದು ಬಾಳು ಚೆನ್ನಾಗಿ ಉತ್ತರ ಕೊಡಬಲ್ಲುದು. ಅಂಥ ಬಾಳನ್ನು ಹುಡುಕುವುದಕ್ಕೆ ನಾವು ದೂರ ಹೋಗಬೇಕಾದ ಕಾರಣವಿಲ್ಲ. ಯಾದಗಿರಿಯಿಂದ ಭೀಮಾ ನದಿಯನ್ನು ದಾಟಿ, ಶಹಾಪುರದ ಬೆಟ್ಟದ ಬದಿಯಿಂದ ಸುರಪುರಕ್ಕೆ ಹೋದರೆ ಸಾಕು. ಅಲ್ಲಿಯ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯು ಈಗಲೂ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಮೇಲ್ತರಗತಿಯ ಬಾಲೆಯರನ್ನು ಆ ಬಂಗಲೆಯನ್ನು ತೋರಿಸಲು ಕರೆದುಕೊಂಡು ಹೋಗಿದ್ದೆವು. ಕರ್ನಲ್ ಫಿಲಿಪ್ ಮೆಡೋಸ್ ಟೇಲರರ ಸಂಗತಿಯನ್ನೂ, ಸುರಪುರದ ರಾಜಾ ವೆಂಕಟಪ್ಪ ನಾಯಕರ ಸಂಗತಿಯನ್ನೂ ಅಲ್ಲಿಯೇ ಮೆಟ್ಟಿಲುಗಳ ಮೇಲೆ ಕುಳ್ಳಿರಿಸಿ ಹೇಳಿದೆವು. ಎಲ್ಲರೂ ಸುಮ್ಮನೆ ಕೇಳಿದರು. ಮರಳಿ ಬರುವಾಗ ಒಬ್ಬ ಹುಡುಗಿಯು ನಮ್ಮ ಹತ್ತಿರ ಬಂದು ಕುಳಿತು, ರಾಜರು ಈ ನಾಡಿಗಾಗಿ ಪ್ರಾಣ ಕೊಟ್ಟ ಶೂರರಾಗಿದ್ದರೆ ಅವರ ವಿರುದ್ಧ ಪಕ್ಷದಲ್ಲಿದ್ದ ಸಾಹೇಬರನ್ನು ನಾವು ಯಾಕೆ ಒಳ್ಳೆಯವರೆಂದು ಓದಬೇಕು ಎಂದು ಕೇಳಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಮಗೆ ಆ ಸಂಜೆ ಸರಿಯಾದ ಉತ್ತರವು ಹೊಳೆಯಲಿಲ್ಲ. ಊರು ಬಂದಿತು, ಮಕ್ಕಳು ಇಳಿದುಹೋದರು. ಆಕೆಯೂ ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ತಾಯಿತಂದೆಗಳ ಪ್ರಶ್ನೆಗೂ ಆ ಹುಡುಗಿಯ ಪ್ರಶ್ನೆಗೂ ಒಂದೇ ಕಡೆ ಉತ್ತರವಿದೆಯೆಂದು ನಮಗೆ ಈಗ ತೋರುವುದರಿಂದ ಈ ಚರಿತ್ರೆಯನ್ನು ಬರೆಯಲು ಉಪಕ್ರಮಿಸಿದ್ದೇವೆ.

ಟೇಲರರು 1808ನೆಯ ಇಸವಿಯ ಸೆಪ್ಟೆಂಬರ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಜನಿಸಿದರು. ತಂದೆಯು ವ್ಯಾಪಾರಿ. ಆದರೆ ವ್ಯಾಪಾರದಲ್ಲಿ ನಷ್ಟವೊದಗಿ ಮನೆಗೆ ಬಡತನ ಬಂದುದರಿಂದ, ಹುಡುಗನು ಬೇಗನೆ ಶಾಲೆಯನ್ನು ಬಿಟ್ಟು ಒಂದು ವ್ಯಾಪಾರದ ಕೋಠಿಯಲ್ಲಿ ಲೆಕ್ಕ ಬರೆಯಬೇಕಾಯಿತು. ಹದಿನೈದನೆಯ ವಯಸ್ಸಿಗೆ, 1824ರಲ್ಲಿ, ಅವನನ್ನು ಹಡಗನ್ನೇರಿಸಿ ಮುಂಬಯಿಗೆ ಕಳುಹಿಸಿದರು. ಅಲ್ಲಿ ಒಬ್ಬ ದೊಡ್ಡ ವರ್ತಕನ ಕೈಕೆಳಗೆ ಕೆಲಸ ಕಲಿತು, ಪ್ರಾಯಕ್ಕೆ ಬಂದ ಮೇಲೆ ಪಾಲುಗಾರನಾಗಬೇಕೆಂದು ಏರ್ಪಾಡಾಗಿತ್ತು. ಮುಂಬಯಿಗೆ ಬಂದು ನೋಡಿದರೆ ಆ ವರ್ತಕನು ಸಾಲದಲ್ಲಿ ಮುಳುಗಿಹೋಗಿದ್ದನು. ಗುರುತಿಲ್ಲದ ದೇಶದಲ್ಲಿ ಕೆಲಸವಿಲ್ಲದೆ ನಿಂತ ಆ ಬಾಲಕನಿಗೆ, ಮುಂಬಯಿ ಸರಕಾರದಲ್ಲಿ ಹಿರಿಯ ಅಧಿಕಾರದಲ್ಲಿದ್ದ ಬಂಧುವೊಬ್ಬರು ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಸಣ್ಣ ಹುದ್ದೆಯನ್ನು ಕೊಡಿಸಿದರು. ಈ ರೀತಿ ಒಂದು ಬಾಗಿಲು ಮುಚ್ಚಿದುದರಿಂದಲೇ ಅವರು ನಮ್ಮ ಸೀಮೆಗೆ ಬಂದರು. ಅವರು ಕಂಪನಿ ಸರಕಾರದ ನೌಕರಿಗೆ ಸೇರಿದವರಲ್ಲ; ಕಡೆಯವರೆಗೂ ನಿಜಾಮರ ಸೇವೆಯಿಂದ ಬಂದವರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅವರಿಗೆ ಕಾಲೇಜಿನ ವಿದ್ಯೆಯಿರಲಿಲ್ಲ. ಹೆಸರು ಮಾಡಿದ ಗುರುಗಳೂ ಇರಲಿಲ್ಲ. ಬಿಡುವಿನ ವೇಳೆಯನ್ನು ಹಾಳುಮಾಡದೆ ಹಿಂದೂಸ್ತಾನಿ, ಫಾರಸಿ, ಮರಾಠಿ ಭಾಷೆಗಳನ್ನು ಕಲಿತರು. ದುಭಾಷಿಯವರು ನಡುವೆ ನಿಂತರೆ ಬಡವನ ದೂರು ಅಧಿಕಾರಿಯ ಕಿವಿಗೆ ಬೇರೆಯಾಗಿ ಮುಟ್ಟುವುದೆಂಬುದನ್ನು ಅವರು ಎಳೆತನದಲ್ಲಿಯೇ ಅರಿತಿದ್ದರು. ಬಲು ಬೇಗನೆ ಅವರನ್ನು ಸೈನ್ಯದಿಂದ ತೆಗೆದು ಜನರ ನಡುವಿನ ಕೆಲಸಕ್ಕೆ, ಪೋಲೀಸು ಮತ್ತು ನ್ಯಾಯದ ಮೇಲ್ವಿಚಾರಣೆಗೆ ನೇಮಿಸಿದರು. ಕಾಯಿದೆ, ಜಮೀನಿನ ಅಳತೆ, ಭೂಗರ್ಭಶಾಸ್ತ್ರ, ಕಟ್ಟಡದ ಕೆಲಸ ಇವೆಲ್ಲವನ್ನು ಅವರು ಪುಸ್ತಕಗಳಿಂದಲೂ ತಿಳಿದವರಿಂದಲೂ ತಾವೇ ಸಂಪಾದಿಸಿಕೊಂಡರು. ಕೆಲಸವು ಏನನ್ನು ಬೇಡಿತೋ ಅದನ್ನು ಕಲಿಯುವುದು ಅವರ ರೂಢಿಯಾಗಿದ್ದಿತು.

1832ರಲ್ಲಿ ಅವರು ಹೈದರಾಬಾದಿನ ಪ್ರಸಿದ್ಧ ಸಾಹುಕಾರರಾದ ವಿಲಿಯಂ ಪಾಮರರ ಮಗಳು ಮೇರಿಯವರನ್ನು ಲಗ್ನವಾದರು. ಈ ಪಾಮರರ ತಂದೆ ಇಂಗ್ಲಿಷ್ ಸೇನಾಪತಿ, ತಾಯಿ ಈ ದೇಶದ ಮುಸಲ್ಮಾನ ಮನೆತನದ ಬೇಗಂ. ಆದುದರಿಂದ ಟೇಲರರ ಮನೆಯೊಳಗೆಯೇ ಎರಡು ದೇಶಗಳು ಕೂಡಿದ್ದವು. ಬಿಳಿಯರು ಈ ದೇಶದವರನ್ನು ಕೀಳಾಗಿ ಕಾಣುವುದು ದಿನೇ ದಿನೇ ಹೆಚ್ಚುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ದಿವಸಗಳಲ್ಲಿ ದಾರಿಹೋಕರೊಡನೆ ಸ್ನೇಹ ಬೆಳೆಸಿ ಕೊರಳಿಗೆ ಬಟ್ಟೆ ಬಿಗಿದು ಕೊಲ್ಲುತ್ತಿದ್ದ ಠಗ್ಗರ ಪಂಗಡಗಳು ದೇಶದಲ್ಲಿ ಹಬ್ಬಿದ್ದವು. ಹಿಡಿಯಲ್ಪಟ್ಟು ತಪ್ಪೊಪ್ಪಿಕೊಂಡ ಠಗ್ಗರನ್ನು ಟೇಲರರು ಬಹುಕಾಲ ವಿಚಾರಿಸಿದರು. ಅವರು ಹೇಳಿದುದನ್ನು ಕಚೇರಿಯ ಕಾಗದಗಳಲ್ಲಿ ಬರೆದಿಟ್ಟು ಮರೆತುಬಿಡಲಿಲ್ಲ. ಅದನ್ನೆಲ್ಲ ಅಮೀರ್ ಅಲಿ ಎಂಬೊಬ್ಬ ಠಗ್ಗನು ತನ್ನ ಕಥೆಯನ್ನು ತಾನೇ ಹೇಳುವ ಕಾದಂಬರಿಯಾಗಿ ಹೆಣೆದು 1839ರಲ್ಲಿ ಪ್ರಕಟಿಸಿದರು. ಎಳೆಯ ವಿಕ್ಟೋರಿಯಾ ರಾಣಿಯವರು ಪುಸ್ತಕವು ಮುಗಿಯುವವರೆಗೆ ಕಾಯಲಾರದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದರಂತೆ. ಮರುವರ್ಷ ಟೀಪು ಸುಲ್ತಾನರ ಕಾಲದ ಕಥೆಯೊಂದು ಹೊರಬಂದಿತು. 1840ರಿಂದ 1853ರವರೆಗೆ ಅವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಹಿಂದೂಸ್ಥಾನದ ಸುದ್ದಿಗಳನ್ನೂ ಬರೆಯುತ್ತಿದ್ದರು. ಕಥೆ ಬರೆಯುವ ಗೀಳು ಅಧಿಕಾರದ ಕೆಲಸಕ್ಕೆ ಅಡ್ಡಿಯೆಂದು ಕೆಲವರು ಎಣಿಸುವರು. ಟೇಲರರಲ್ಲಿ ಅದು ತದ್ವಿರುದ್ಧವಾಗಿತ್ತು. ಅಪರಾಧಿಯ ಮಾತನ್ನೂ ಕಡೆಯವರೆಗೆ ಕಿವಿಗೊಟ್ಟು ಕೇಳಬಲ್ಲವರಾದುದರಿಂದಲೇ ಅವರು ಒಳ್ಳೆಯ ಕಥೆಗಾರರಾದರು, ಅದೇ ಗುಣದಿಂದ ಒಳ್ಳೆಯ ನ್ಯಾಯಾಧಿಕಾರಿಯೂ ಆದರು.

ಈಗ ಸುರಪುರಕ್ಕೆ ಬರೋಣ. ಇಲ್ಲಿಯ ಬೇಡ ನಾಯಕರ ಸಂಸ್ಥಾನವು ಬಹು ಸ್ವಾಭಿಮಾನಿಯಾದದ್ದು. ಔರಂಗಜೇಬ ಪಾತಶಹನು ತನ್ನ ಮುಪ್ಪಿನಲ್ಲಿ, 1705ರಲ್ಲಿ, ತಾನೇ ಬಂದು ಈ ನಾಯಕರ ವಾಗಿಣಗೇರಾ ಕೋಟೆಗೆ ಮುತ್ತಿಗೆ ಹಾಕಬೇಕಾಯಿತೆಂದರೆ ಅವರ ಪರಾಕ್ರಮವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ನಿಜಾಮರಿಗೆ ಸಲ್ಲಬೇಕಾದ ಕಪ್ಪವು ಬಾಕಿ ಬೆಳೆದು, ಸಾಹುಕಾರರ ಸಾಲವು ಏರಿ, ಸಂಸ್ಥಾನವು ಸೋತುಹೋಗಿತ್ತು. ರಾಜಾ ಕೃಷ್ಣಪ್ಪ ನಾಯಕರು 1842ರಲ್ಲಿ ತೀರಿಕೊಂಡಾಗ ಅವರ ಮಗ ವೆಂಕಟಪ್ಪ ನಾಯಕನು ಸುಮಾರು ಎಂಟು ವರ್ಷದ ಬಾಲಕ. ಒಂದು ಕಡೆ ತೀರಿದ ರಾಜರ ತಮ್ಮ ಪಿಡ್ಡ ನಾಯಕರು, ಇನ್ನೊಂದು ಕಡೆ ರಾಣಿ ಈಶ್ವರಮ್ಮನವರು. ಆಡಳಿತದ ಸೂತ್ರವು ಯಾರ ಕೈಯಲ್ಲಿರಬೇಕೆಂದು ಎರಡೂ ಪಕ್ಷಗಳು ಆಯುಧ ಹಿಡಿದು ನಿಂತಿದ್ದವು. ರಾಣಿಯವರು ಸಾಮಾನ್ಯ ಹೆಂಗಸಲ್ಲ. ಯಾರಿಗೂ ಬಗ್ಗದ ಧೈರ್ಯ, ಕಾರ್ಯ ಸಾಧಿಸುವ ಚಾತುರ್ಯ ಎರಡೂ ಅವರಲ್ಲಿದ್ದವು. ಟೇಲರರಿಗೆ ಅವರು ಹಲವು ವರ್ಷ ಬಲವಾದ ಎದುರಾಳಿಯಾಗಿಯೇ ಉಳಿದರು.

ಈ ಉರಿಯುವ ಮನೆಗೆ ಟೇಲರರನ್ನು ಕಳುಹಿಸಿದರು. ಅವರ ಕೈಯಲ್ಲಿದ್ದ ಸೈನ್ಯ ಅಲ್ಪ. ಸಹಾಯಕ್ಕೆ ಯುರೋಪಿಯನ್ ಅಧಿಕಾರಿಗಳೂ ಇರಲಿಲ್ಲ. ಬಂದ ಆರಂಭದ ವರ್ಷಗಳಲ್ಲಿಯೇ ಪತ್ನಿಯೂ ತೀರಿಕೊಂಡರು. ಮೂವತ್ತರ ಪ್ರಾಯದ ಮನುಷ್ಯ, ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬಂಟಿಗ. ಅಂಥವರು ಕೆಲಸವನ್ನು ಬಿಟ್ಟು ಊರಿಗೆ ಮರಳಿದ್ದರೆ ಯಾರೂ ದೂರುತ್ತಿರಲಿಲ್ಲ. ಅವರು ಮರಳಲಿಲ್ಲ. ಮರುವಿವಾಹವನ್ನೂ ಮಾಡಿಕೊಳ್ಳಲಿಲ್ಲ. ಹನ್ನೊಂದು ವರ್ಷ, 1853ರವರೆಗೆ, ಸಂಸ್ಥಾನವನ್ನು ನಡೆಸಿದರು.

ಆ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳು ಹೆಚ್ಚಾಗಿ ಮಣ್ಣಿನವು, ನೀರಿನವು, ಲೆಕ್ಕದವು. ಸಂಸ್ಥಾನದ ಸಾಲವನ್ನು ತೀರಿಸಿದರು. ಕಂದಾಯವನ್ನು ರೈತನು ತಾಳಬಲ್ಲ ಮಟ್ಟಿಗೆ ತಂದರು. ಆಯುಧ ಹಿಡಿದಿದ್ದ ಪಂಗಡಗಳ ಮುಖಂಡರನ್ನು ಕರೆದು ಕುಳ್ಳಿರಿಸಿ ಮಾತನಾಡಿ ಶಾಂತಗೊಳಿಸಿದರು. ದಾರಿಗಳನ್ನು ಮಾಡಿಸಿದರು. ಸುರಪುರದ ಹತ್ತಿರದ ಬೋನಾಳದ ಹಳೆಯ ಕೆರೆಯನ್ನು ದುರಸ್ತಿಗೊಳಿಸಿದರು. ಈಗ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಬೋನಾಳದ ಪಕ್ಷಿಧಾಮ ಇದೇ ಕೆರೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಅದನ್ನು ನೋಡಿದ್ದಾರೆ. ನೋಡುವಾಗ ಹಕ್ಕಿಗಳೊಂದಿಗೆ ಕೆರೆಯ ಏರಿಯನ್ನೂ ಒಮ್ಮೆ ನೋಡಿರೆಂದು ನಾವು ಹೇಳುವುದುಂಟು. ಏರಿಯು ಒಡೆದಿದ್ದರೆ ಹಕ್ಕಿಗಳಿಗೆ ಅಲ್ಲೇನಿದೆ?

ಜನರು ಅವರನ್ನು ಮಹಾದೇವ ಬಾಬಾ ಎಂದು ಕರೆದರು. ಮೆಡೋಸ್ ಎಂಬ ಪರದೇಶದ ಹೆಸರು ನಮ್ಮ ನಾಲಿಗೆಯಲ್ಲಿ ಮಹಾದೇವ ಎಂದು ಹೊರಳಿರಬಹುದೆಂದು ನಮಗೆ ತೋರುತ್ತದೆ. ಆದರೂ ಹೆಸರಿನ ಹಿಂದೆ ಬಾಬಾ ಎಂದು ಸೇರಿಸಬೇಕಾದರೆ ನಾಲಿಗೆಯ ಹೊರಳಿಕೆಯೊಂದೇ ಸಾಲದು.

ಆಡಳಿತದ ನಡುವೆ ಸಿಕ್ಕಿದ ಸಮಯದಲ್ಲಿ ಅವರು ಕುಂಚವನ್ನು ಹಿಡಿಯುತ್ತಿದ್ದರು. ದಖ್ಖನಿನ ದೃಶ್ಯಗಳನ್ನು ಬರೆದ ಅವರ ಚಿತ್ರಸಂಪುಟವೊಂದು 1837ರಷ್ಟು ಮೊದಲೇ ಪ್ರಕಟವಾಗಿದ್ದಿತು. ಈ ಚಿತ್ರಗಾರನ ಕಣ್ಣಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಸಂಗತಿಯು ಬಿದ್ದಿತು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇಟ್ಟಿರುವುದನ್ನು ನೀವು ಕಂಡಿರಬಹುದು. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಕಲ್ಲು ಹೊದಿಸಿದ ಗೂಡುಗಳಿವೆ. ಹಳ್ಳಿಯವರು ಅವುಗಳನ್ನು ಮೋರಿಯರ ಮನೆಗಳೆನ್ನುತ್ತಿದ್ದರು. ದನ ಕಾಯುವವರು ಬಿಸಿಲಿಗೆ ಒರಗಿ ಕೂಡುತ್ತಿದ್ದ ಈ ಕಲ್ಲುಗಳು ಮನುಷ್ಯರು ಕಬ್ಬಿಣವನ್ನು ಆಗತಾನೆ ಬಳಸಲಾರಂಭಿಸಿದ ಕಾಲದ ಗೋರಿಗಳೂ ಗುರುತುಗಳೂ ಆಗಿವೆಯೆಂಬುದು ಈಗ ವಿದ್ವಾಂಸರ ಅಭಿಪ್ರಾಯ. ಟೇಲರರು ಅವುಗಳನ್ನು ಅಳೆದರು, ಎಣಿಸಿದರು, ನಕ್ಷೆ ಬರೆದರು. ಜೇವರ್ಗಿ ಮೊದಲಾದ ಕಡೆಗಳಲ್ಲಿ ಕೆಲವು ಗೋರಿಗಳನ್ನು ತೆಗೆಸಿ, ಮೇಲಿನ ಮಣ್ಣು ಯಾವುದು, ಕೆಳಗಿನದು ಯಾವುದು, ಯಾವ ಮಡಕೆಯು ಯಾವ ಪದರದಲ್ಲಿತ್ತು ಎಂಬುದನ್ನು ಚಿತ್ರದಲ್ಲಿ ತೋರಿಸಿದರು. ತಮ್ಮ ಸ್ವದೇಶದ ಪುರಾತನ ಕಲ್ಲುಗೋರಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಗುರುತಿಸಿ, ಮುಂಬಯಿಯ ವಿದ್ವತ್ಸಭೆಯ ಪತ್ರಿಕೆಯಲ್ಲಿಯೂ, 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಮಾರ್ಟಿಮರ್ ವ್ಹೀಲರರು ಟೇಲರರ ಈ ನಕ್ಷೆಗಳು ತಮ್ಮ ಕಾಲಕ್ಕಿಂತ ಮುಂದಿದ್ದುವೆಂದು ಮೆಚ್ಚಿಕೊಂಡಿದ್ದಾರೆ. ಚಿತ್ರವಿದ್ಯೆಯು ವಿಜ್ಞಾನಕ್ಕೆ ಊಳಿಗ ಮಾಡಿದ ಬಗೆ ಇದು. ಮಗಳು ಚಿತ್ರ ಬರೆಯುವುದನ್ನು ಬಿಡಲೇ ಎಂದು ಕೇಳುವ ತಾಯಂದಿರಿಗೆ ವಿಭೂತಿಹಳ್ಳಿಯ ಬಯಲನ್ನು ತೋರಿಸಬೇಕೆನಿಸುತ್ತದೆ.

ಆದರೆ ಟೇಲರರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾಗಿದ್ದ ಕೆಲಸವು ಕೆರೆಯೂ ಅಲ್ಲ, ಕಲ್ಲೂ ಅಲ್ಲ. ತಂದೆಯಿಲ್ಲದ ಆ ಬಾಲಕ. ವೆಂಕಟಪ್ಪ ನಾಯಕನ ಶಿಕ್ಷಣವನ್ನು ಅವರೇ ನೋಡಿಕೊಂಡರು. ಹುಡುಗನು ಅವರನ್ನು ಅಪ್ಪ ಎಂದು ಕರೆಯುತ್ತಿದ್ದನು. ಅರಮನೆಯ ಒಳಸಂಚುಗಳ ನಡುವೆ, ಮುಖಸ್ತುತಿ ಮಾಡುವವರ ನಡುವೆ, ಇಲ್ಲವೆಂದು ಹೇಳಬಲ್ಲ ಒಬ್ಬರೇ ಒಬ್ಬರು ಆ ಮಗುವಿಗೆ ಅವರಾಗಿದ್ದರು. 1853ರಲ್ಲಿ ರಾಜನು ಪ್ರಾಪ್ತವಯಸ್ಕನಾದ ಕೂಡಲೆ ಸಾಲವಿಲ್ಲದ ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಟೇಲರರು ಹೊರಟರು. ಜನರು ದೂರದವರೆಗೆ ಹಿಂಬಾಲಿಸಿ ಬಂದು ಬೀಳ್ಕೊಟ್ಟರು. ಒಪ್ಪಿಸಬೇಕಾದ ಹೊತ್ತಿನಲ್ಲಿ ಒಪ್ಪಿಸಿ ಹೋಗುವುದು ಮುಂದಾಳುತನದ ಅತಿ ಕಠಿಣವಾದ ಪಾಠ. ಶಾಲೆಯನ್ನು ನಡೆಸುವ ನಮಗೆ ಅದು ಪ್ರತಿವರ್ಷವೂ ಗೊತ್ತಾಗುತ್ತದೆ. ಹತ್ತು ವರ್ಷ ಕೈಹಿಡಿದು ನಡೆಸಿದ ಮಗುವನ್ನು ಒಂದು ಮಧ್ಯಾಹ್ನ ಬಾಗಿಲ ಬಳಿ ಬಿಟ್ಟುಕೊಡಬೇಕು. ಮುಂದಿನ ದಾರಿ ಅವಳದು.

ಟೇಲರರು ಮುಂದೆ ನಳದುರ್ಗ ಪ್ರಾಂತದಲ್ಲಿ ಅಧಿಕಾರಿಯಾಗಿ ಜಮೀನಿನ ಅಳತೆ, ದಾರಿ, ಕೆರೆಗಳ ಕೆಲಸವನ್ನು ಮುಂದುವರಿಸಿದರು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಅವರನ್ನು ವರ್ಹಾಡದ ಬುಲ್ಡಾಣಕ್ಕೆ ಕಳುಹಿಸಿದರು. ಸೈನ್ಯದ ಬಲವಿಲ್ಲದೆ, ಜನರ ವಿಶ್ವಾಸವೊಂದರಿಂದಲೇ, ಅವರು ಆ ಪ್ರಾಂತವನ್ನು ಶಾಂತವಾಗಿಟ್ಟರು.

ಅಷ್ಟರಲ್ಲಿ ಸುರಪುರದ ಸ್ಥಿತಿ ಬೇರೆಯಾಗಿದ್ದಿತು. ಸಂಸ್ಥಾನವು ಮತ್ತೆ ಸಾಲಕ್ಕೆ ಸಿಲುಕಿತೆಂದು ಟೇಲರರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ದೇಶವನ್ನೆಲ್ಲ ವ್ಯಾಪಿಸಿದ ಸ್ವಾತಂತ್ರ್ಯದ ಬಿರುಗಾಳಿಯು ಸುರಪುರದ ಗುಡ್ಡಗಳಿಗೂ ಮುಟ್ಟಿತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷ್ ಸೈನ್ಯದ ಮೇಲೆ ಯುದ್ಧಕ್ಕೆ ನಿಂತರು. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಮಡಿದನು. ಹೆಚ್ಚಿನ ಸೈನ್ಯವು ಬರಲು ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕಿದರು. ಅವರ ವಯಸ್ಸು ಆಗ ಇಪ್ಪತ್ತನಾಲ್ಕರ ಆಸುಪಾಸು. ಕನ್ನಡ ನಾಡಿನ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಅವರ ಹೆಸರು ಗೌರವದಿಂದ ಬರೆಯಲ್ಪಟ್ಟಿದೆ, ಅದು ಯೋಗ್ಯವೇ ಆಗಿದೆ.

ಟೇಲರರ ಸ್ಥಿತಿಯನ್ನು ಯೋಚಿಸಿರಿ. ತಾವು ಮಗನಂತೆ ಸಾಕಿದವನು ತಮ್ಮ ಪಕ್ಷದವರ ಕೈಯಲ್ಲಿ ಮರಣದಂಡನೆಗೆ ಗುರಿಯಾಗಿ ಕುಳಿತಿದ್ದಾನೆ. ದೂರ ಉಳಿಯುವುದು ಸುಲಭವಾಗಿದ್ದಿತು. ಬಂಡಾಯಗಾರನೊಡನೆ ಸಲಿಗೆ ತೋರುವ ಅಧಿಕಾರಿಯ ಮೇಲೆ ಸಂಶಯದ ಕಣ್ಣು ಬೀಳುತ್ತಿದ್ದ ಕಾಲವದು. ಅವರು ಸಿಕಂದರಾಬಾದಿನ ಸೆರೆಮನೆಗೆ ಹೋದರು. ರಾಜರು ಓಡಿಬಂದು ಅವರನ್ನು ಅಪ್ಪಿಕೊಂಡು ಮಗುವಿನಂತೆ ಅತ್ತರು. ಕಾಳಗಕ್ಕೆ ಪ್ರೇರಿಸಿದವರ ಹೆಸರುಗಳನ್ನು ರಾಜರಿಂದ ತಿಳಿಯಬೇಕೆಂದು ಮೇಲಿನವರ ಅಪೇಕ್ಷೆಯಿದ್ದಿತು. ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಪರರ ಹೆಸರು ಹೇಳುವ ಹೇಡಿತನವು ತಮಗೆ ಬೇಡವೆಂದು ರಾಜರು ನಿರಾಕರಿಸಿದರು. ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಬೇಕೆಂದು, ತಾವು ನಡುಗದೆ ನಿಲ್ಲುವೆವೆಂದು ಕೇಳಿಕೊಂಡರು. ಈ ಮಾತುಗಳು ನಮಗೆ ತಿಳಿದಿರುವುದು ಹೇಗೆ? ಟೇಲರರೇ ಅವುಗಳನ್ನು ಬರೆದಿಟ್ಟರು. ತಮ್ಮ ಸರಕಾರಕ್ಕೆ ವಿರೋಧಿಯಾದವನ ಶೌರ್ಯವನ್ನು ಅವರು ಮರೆಮಾಚಲಿಲ್ಲ.

ಮರಣದಂಡನೆಯನ್ನು ಹೈದರಾಬಾದಿನ ರೆಸಿಡೆಂಟರು ಗಡೀಪಾರಿಗೆ ಇಳಿಸಿದರು. ಗವರ್ನರ್ ಜನರಲರು ಅದನ್ನೂ ತಗ್ಗಿಸಿ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸವೆಂದು ಗೊತ್ತುಮಾಡಿದರು. ಬಿಡುಗಡೆಯ ಆಸೆ ಕಾಣಿಸಿಕೊಂಡಿತು. ಆದರೆ ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಮಡಿದರು. ಅದು ಅವರ ಕೈಯಿಂದಲೇ ನಡೆಯಿತೆಂಬುದು ಸರಕಾರದ ಹೇಳಿಕೆ. ಅದನ್ನು ನಂಬದವರೂ ಇದ್ದಾರೆ. 1860ರಲ್ಲಿ ಸಂಸ್ಥಾನವನ್ನು ನಿಜಾಮರಿಗೆ ಒಪ್ಪಿಸಲಾಯಿತು. ಪಾತಶಹನಿಗೆ ಎದೆಗೊಟ್ಟ ಸುರಪುರದ ನಾಯಕರ ಆಳ್ವಿಕೆಯು ಅಲ್ಲಿಗೆ ಮುಗಿಯಿತು.

ಅರಸನಿಲ್ಲದ ಸುರಪುರವನ್ನು ನೋಡಿಕೊಳ್ಳಲು 1858ರಲ್ಲಿ ಮತ್ತೆ ಟೇಲರರನ್ನೇ ಕಳುಹಿಸಿದರು. ತಾವು ಸಾಲ ತೀರಿಸಿ ಒಪ್ಪಿಸಿದ ಊರನ್ನು, ತಾವು ಬೆಳೆಸಿದ ಹುಡುಗನಿಲ್ಲದ ಊರನ್ನು, ಅವರು ಎರಡನೆಯ ಸಲ ಹತ್ತಿದರು. ಜನರು ಬಂದು ಸುತ್ತುಗಟ್ಟಿದರು. ಲೆಕ್ಕದ ಪುಸ್ತಕಗಳನ್ನು ಮೊದಲಿನಿಂದ ತೆರೆಯಬೇಕಾಯಿತು. ದೇಹವು ಸೋಲುವವರೆಗೆ ದುಡಿದು, 1860ರಲ್ಲಿ ರೋಗಪೀಡಿತರಾಗಿ ಅವರು ಸ್ವದೇಶಕ್ಕೆ ತೆರಳಿದರು.

ಐರ್ಲೆಂಡಿನ ಡಬ್ಲಿನ್ ನಗರದ ಬಳಿಯಲ್ಲಿ ನೆಲಸಿ, ಉಳಿದ ಆಯುಷ್ಯವನ್ನು ಲೇಖನಿಗೆ ಮೀಸಲಿಟ್ಟರು. ಶಿವಾಜಿಯ ಕಾಲದ ತಾರಾ 1863ರಲ್ಲಿಯೂ, ಪ್ಲಾಸಿ ಕಾಳಗದ ಕಾಲದ ರಾಲ್ಫ್ ಡಾರ್ನೆಲ್ 1865ರಲ್ಲಿಯೂ, 1857ರ ಕಾಲದ ಸೀತಾ 1872ರಲ್ಲಿಯೂ ಹೊರಬಂದವು. ನೂರು ನೂರು ವರ್ಷಗಳ ಅಂತರದ ಮೂರು ಕಾಲಗಳನ್ನು ಅವು ಚಿತ್ರಿಸುತ್ತವೆ. ತಾರೆಯೂ ಸೀತೆಯೂ ಎಳೆಯ ವಿಧವೆಯರು. ಸಮಾಜವು ಮುಗಿದುಹೋಯಿತೆಂದು ಎಣಿಸಿದ ಬಾಳನ್ನು ಮತ್ತೆ ಕಟ್ಟಿಕೊಳ್ಳುವ ಹಕ್ಕು ಹೆಣ್ಣಿಗೆ ಉಂಟೆಂದು ಆ ಕಥೆಗಳು ಹೇಳುತ್ತವೆ. ಅವರ ಕಡೆಯ ಕಾದಂಬರಿಯು ಬಿಜಾಪುರವನ್ನು ಆಳಿ ಅಹಮದನಗರವನ್ನು ಕಾಪಾಡಿದ ಚಾಂದಬೀಬಿಯ ಕುರಿತಾದುದು. ಅದು ಅವರ ಮರಣದ ತರುವಾಯ 1878ರಲ್ಲಿ ಪ್ರಕಟವಾಯಿತು. ಹೆಣ್ಣು ಸಿಂಹಾಸನದ ಮೇಲೆ ಕುಳಿತರೆ ಹೇಗಿರುವುದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ರಾಣಿ ಈಶ್ವರಮ್ಮನವರನ್ನು ಅವರು ಎದುರಿಗೆ ಕಂಡವರು. ಬಿಜಾಪುರದ ಕಟ್ಟಡಗಳ ಮೇಲೂ, ಧಾರವಾಡ ಮೈಸೂರುಗಳ ಶಿಲ್ಪದ ಮೇಲೂ 1866ರಲ್ಲಿ ಹೊರಬಂದ ಛಾಯಾಚಿತ್ರಗಳ ದೊಡ್ಡ ಸಂಪುಟಗಳಿಗೆ ಅವರು ವಿವರಣೆ ಬರೆದರು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವೊಂದನ್ನು ಪ್ರಕಟಿಸಿದರು. 1875ರಲ್ಲಿ, ದೃಷ್ಟಿ ಮಂದವಾಗುತ್ತಿದ್ದರೂ, ಸಾಲಾರ್ ಜಂಗರ ಕರೆಯ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಸ್ವದೇಶಕ್ಕೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬಲ್ಲಿ ಪ್ರಾಣಬಿಟ್ಟರು. ಅವರ ಆತ್ಮಚರಿತ್ರೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ ಮರುವರ್ಷ ಅಚ್ಚು ಹಾಕಿಸಿದರು. ಆ ಮಗಳ ಪರಿಶ್ರಮವಿಲ್ಲದಿದ್ದರೆ ಸುರಪುರದ ಈ ಕಥೆಯ ಬಹುಭಾಗವು ನಮಗೆ ದೊರೆಯುತ್ತಿರಲಿಲ್ಲ.

ಅವರ ಭಕ್ತಿಯ ವಿಷಯವಾಗಿ ಒಂದು ಮಾತನ್ನು ಹೇಳಬೇಕು. ಟೇಲರರು ಕ್ರೈಸ್ತರು, ಆದರೆ ಬೋಧಕರಲ್ಲ. ತುಳಜಾಪುರದ ದೇವಿಯ ಯಾತ್ರಿಕರ ನಡುವೆ, ಸುರಪುರದ ಗುಡಿ ಮಸೀದಿಗಳ ನಡುವೆ ಅಧಿಕಾರ ನಡೆಸಿ, ಎಲ್ಲರ ನಂಬಿಕೆಗಳನ್ನೂ ಗೌರವದಿಂದ ಕಂಡರು. ಅವರ ವಿಶ್ವಾಸವು ಅವರ ನಡೆಯಲ್ಲಿತ್ತು. ಸೆರೆಯಲ್ಲಿರುವವರನ್ನು ಹೋಗಿ ನೋಡುವುದನ್ನು ನಮ್ಮ ಕರ್ತನು ಸತ್ಕಾರ್ಯಗಳಲ್ಲಿ ಎಣಿಸಿದ್ದಾನೆ. ಸೆರೆಯಾಳು ತಪ್ಪಿತಸ್ಥನೋ ನಿರಪರಾಧಿಯೋ ಎಂದು ಮೊದಲು ವಿಚಾರಿಸಿ ಆಮೇಲೆ ಹೋಗಬೇಕೆಂದು ಆತನು ಹೇಳಲಿಲ್ಲ. ಟೇಲರರು ಆ ದಿವಸ ಸಿಕಂದರಾಬಾದಿನಲ್ಲಿ ಮಾಡಿದ್ದು ಇಷ್ಟೇ. ಅವರ ಹೆಸರು ಹೇಳುವ ಕೆರೆ, ಬಂಗಲೆ, ಪುಸ್ತಕಗಳೆಲ್ಲಕ್ಕಿಂತ ಆ ಒಂದು ಭೇಟಿಯು ನಮಗೆ ದೊಡ್ಡದಾಗಿ ತೋರುತ್ತದೆ.

ತಾಯಿತಂದೆಗಳ ಪ್ರಶ್ನೆಗೆ ಉತ್ತರವು ಇದರಲ್ಲಿದೆ. ಟೇಲರರು ಚಿತ್ರಗಾರ, ಕಥೆಗಾರ, ಅಧಿಕಾರಿ, ಭಕ್ತ ಎಂಬ ನಾಲ್ಕು ಮನುಷ್ಯರಾಗಿರಲಿಲ್ಲ. ಎದುರಿಗಿರುವುದನ್ನು, ಅದು ಕಲ್ಲಾಗಲಿ ಮನುಷ್ಯನಾಗಲಿ, ತಾಳ್ಮೆಯಿಂದ ನೋಡುವುದೆಂಬ ಒಂದೇ ಗುಣವು ಅವರಲ್ಲಿ ನಾಲ್ಕು ಕೆಲಸಗಳಾಗಿ ಹರಿಯಿತು. ಮಗಳಲ್ಲಿ ಆ ಗುಣವಿದ್ದರೆ ಅದರ ಯಾವ ಕಾಲುವೆಯನ್ನೂ ಮುಚ್ಚಬೇಡಿರಿ. ಕೆರೆಗೆ ನೀರು ಎಲ್ಲ ದಿಕ್ಕಿನ ಹಳ್ಳಗಳಿಂದ ಬರುತ್ತದೆ.

ಆ ಹುಡುಗಿಯ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಒಳ್ಳೆಯವರಿಬ್ಬರು ಒಂದೇ ಕಾಲದಲ್ಲಿ ಎದುರು ಬದುರು ನಿಲ್ಲಬೇಕಾಗಿ ಬರಬಹುದು. ರಾಜರು ತಮ್ಮ ನಾಡಿನ ಪಕ್ಷದಲ್ಲಿ ನಿಂತರು. ಟೇಲರರು ತಾವು ಉಪ್ಪುಂಡ ಪಕ್ಷವನ್ನು ಬಿಡಲಿಲ್ಲ. ಆ ಪಕ್ಷದ ರಾಜ್ಯದಾಸೆಯನ್ನು ನಾವು ಮೆಚ್ಚಬೇಕಾಗಿಲ್ಲ, ಮೆಚ್ಚುವುದೂ ಇಲ್ಲ. ಅದಾಗ್ಯೂ ಒಬ್ಬನು ಹೆಸರುಗಳನ್ನು ಹೇಳದೆ ಉಳಿದುದೂ, ಇನ್ನೊಬ್ಬರು ಅಪ್ಪನಾಗಿ ಉಳಿದುದೂ ಒಂದೇ ಕೋಣೆಯಲ್ಲಿ ನಡೆಯಿತು. ನೀನು ಆ ಕೋಣೆಯಲ್ಲಿ ಒಬ್ಬರನ್ನೇ ಆರಿಸಬೇಕಾಗಿಲ್ಲ, ಮಗಳೆ.

ಇನ್ನೊಂದು ಮಾತು ನಮ್ಮಂಥ ಶಿಕ್ಷಕಿಯರಿಗಾಗಿ ಉಳಿದಿದೆ. ಹನ್ನೊಂದು ವರ್ಷದ ದುಡಿಮೆಯ ಫಲವು ಟೇಲರರ ಕಣ್ಣೆದುರಿಗೇ ನೆಲಕ್ಕುರುಳಿತು. ನಮ್ಮ ಹಾಜರಿ ಪುಸ್ತಕಗಳಲ್ಲಿಯೂ ನಾವು ಪ್ರಾರ್ಥನೆಯಲ್ಲಿ ಮಾತ್ರ ನೆನೆಯುವ ಕೆಲವು ಹೆಸರುಗಳಿವೆ. ನಾವು ಬಯಸಿದ ದಾರಿಯಲ್ಲಿ ಹೋಗದವರು, ಒಮ್ಮೆಯೂ ಮರಳಿ ಬಾರದವರು. ಬಿತ್ತಿದುದು ವ್ಯರ್ಥವಾಯಿತೇ ಎಂದು ರಾತ್ರಿ ಕೇಳಿಕೊಂಡದ್ದುಂಟು. ಸುರಪುರದ ಗುಡ್ಡವನ್ನು ಎರಡನೆಯ ಸಲ ಹತ್ತಿದ ಆ ಮನುಷ್ಯನ ನೆನಪಾದಾಗ ಮನಸ್ಸು ನಿಲ್ಲುತ್ತದೆ. ಅಂಥ ಹಳೆಯ ವಿದ್ಯಾರ್ಥಿನಿಯೊಬ್ಬಳ ಕೈಗೆ ಈ ಸಂಚಿಕೆಯು ಹೇಗಾದರೂ ಬಿದ್ದರೆ ಅವಳಿಗೆ ನಾವು ಹೇಳಬೇಕಾದುದು ಇಷ್ಟೆ: ಶಾಲೆಯ ಬಾಗಿಲು ಮೊದಲಿದ್ದಲ್ಲಿಯೇ ಇದೆ. ನೀನು ಬಾರದಿದ್ದರೆ, ಎಲ್ಲಿದ್ದೀಯೆಂದು ತಿಳಿದ ದಿವಸ ನಾವೇ ಬರುವೆವು.